ಎಡಗಡೆಯ ಸೀಟು

ಕಾಂದಿವಲಿ, ಮುಂಬಯಿ
9 ನವೆಂಬರ್ 2003

ಚಂದಯ್ಯಣ್ಣನಿಗೆ ಪ್ರೇಮಾನಂದನ ನಮಸ್ಕಾರ.

ಇದು ಮೂರನೆಯ ಕಾಗದ. ಮೊದಲಿನ ಎರಡಕ್ಕೂ ಉತ್ತರ ಬರಲಿಲ್ಲ. ಪೋಸ್ಟಿನವ ಕೊಟ್ಟಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟು ದಡ್ಡ ನಾನಲ್ಲ. ನೀವು ಓದಿ ಒಲೆಗೆ ಹಾಕಿದ್ದೀರಿ, ಇಲ್ಲವೇ ಓದದೆಯೇ ಹಾಕಿದ್ದೀರಿ. ಇದನ್ನಾದರೂ ಓದಿ ಹಾಕಿ.

ನಾನಿಲ್ಲಿ ಭಾವನ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತೇನೆ. ಹತ್ತೊಂಬತ್ತು ವರ್ಷ ನಿಮ್ಮ ಬಸ್ಸಿನ ಬಾಗಿಲಲ್ಲಿ ನೇತಾಡಿದವನಿಗೆ ಈಗ ಕೂತು ಕೂತು ಸೊಂಟ ಹಿಡಿದಿದೆ. ಊರಿನಲ್ಲಿ ಯಾವ ಬಸ್ಸಿನವರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಡ್ರೈವರನ ಹೊಟ್ಟೆಯ ಮೇಲೆ ಹೊಡೆದ ಕಂಡಕ್ಟರ್ ಎಂದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆಸರಾಯಿತು. ಕೆರಾಡಿಯ ಮನೆಯಲ್ಲಿ ಅಮ್ಮನಿಗೂ ಯಾರೋ ಹೋಗಿ ಹೇಳಿದ್ದಾರೆ. ಇರಲಿ, ಅದಕ್ಕಾಗಿ ಬರೆಯುತ್ತಿಲ್ಲ.

ಜುಲೈಯಲ್ಲಿ ತೆಕ್ಕಟ್ಟೆಯ ಹತ್ತಿರ ಆ ಸೈಕಲಿನ ಹುಡುಗಿ ಲಾರಿಯ ಹಿಂದಿನಿಂದ ನುಗ್ಗಿದಳು ಎಂದು ನೀವು ಈಗಲೂ ಹೇಳುತ್ತೀರಂತೆ. ಅಲ್ಲಿ ಲಾರಿಯೇ ಇರಲಿಲ್ಲ ಚಂದಯ್ಯಣ್ಣ. ಹಾಡುಹಗಲಿನಲ್ಲಿ, ರಸ್ತೆಯ ಎಡಬದಿಯಲ್ಲಿ, ಕೆಂಪು ಕೊಡೆ ಹಿಡಿದುಕೊಂಡು ಅವಳು ತನ್ನಷ್ಟಕ್ಕೆ ಹೋಗುತ್ತಿದ್ದಳು. ನಾನು ಹೋಲ್ಡಾನ್ ಎಂದು ಕಿರುಚಿದ್ದಕ್ಕೆ ಬಸ್ಸು ನಿಂತಿತು. ಅದು ಆ ತಿಂಗಳಲ್ಲಿ ಮೂರನೆಯ ಸಲ. ಅದಕ್ಕೇ ಬಸ್ಸಿನ ಧಣಿಗಳಿಗೆ ಹೇಳಿದೆ, ಅವರು ನಿಮ್ಮನ್ನು ಇಳಿಸಿದರು. ಮಣಿಪಾಲದ ಕಣ್ಣಿನ ಡಾಕ್ಟ್ರು ಹೇಳಿದ್ದೂ ಅದನ್ನೇ ಅಲ್ಲವೇ? ನಡುವಿನ ನೋಟ ಇದೆ, ಎರಡೂ ಬದಿಯದ್ದು ಹೋಗಿದೆ, ಹೋದದ್ದು ಬರುವುದಿಲ್ಲ, ಕಣ್ಣಿಗೆ ಮದ್ದಿನ ಹನಿ ಬಿಡದಿದ್ದರೆ ಉಳಿದದ್ದೂ ಹೋಗುತ್ತದೆ.

ಮದ್ದಿನ ಬಾಟಲಿಯ ಮುಚ್ಚಳ ಕೂಡ ನೀವು ತೆರೆದಿಲ್ಲ ಎಂದು ನಿಮ್ಮ ಮಗಳು ಸೌಮ್ಯಶ್ರೀ ಫೋನಿನಲ್ಲಿ ಹೇಳಿದಳು. ಕೋಟದ ಹತ್ತಿರ ಹೊಸ ಶಾಲೆಯೊಂದರ ವ್ಯಾನು ಓಡಿಸಲು ಒಪ್ಪಿದ್ದೀರಿ ಎಂದೂ ಹೇಳಿದಳು. ಮಕ್ಕಳ ವ್ಯಾನು!

ಬೇಡ, ದಮ್ಮಯ್ಯ.

ನಿಮ್ಮ,
ಪ್ರೇಮಾನಂದ


ಹಂದಾಡಿ, ಬ್ರಹ್ಮಾವರ
24 ನವೆಂಬರ್ 2003

ಪ್ರೇಮಾನಂದ,

ಕಾಗದ ಒಲೆಗೆ ಹಾಕಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸು.

ಮೂವತ್ತೊಂದು ವರ್ಷ ಈ ದಾರಿಯಲ್ಲಿ ಬಸ್ಸು ಓಡಿಸಿದವ ನಾನು. ನನ್ನ ಚಕ್ರದಡಿ ಒಂದು ಕೋಳಿಮರಿ ಸತ್ತದ್ದಿಲ್ಲ. ಡ್ರೈವರನಿಗೆ ಬೇಕಾದದ್ದು ಎದುರಿನ ರಸ್ತೆ. ಬದಿ ಯಾಕೆ, ದಿಬ್ಬಣ ನೋಡಲಿಕ್ಕಾ? ನನಗೆ ಸ್ಟೇರಿಂಗ್ ಹಿಡಿಸಿದ ಸೀನ ಡ್ರೈವರು ಕಲಿಸಿದ್ದು ಒಂದೇ ಪಾಠ, ರಸ್ತೆಯಿಂದ ಕಣ್ಣು ತೆಗೆದವ ಡ್ರೈವರೇ ಅಲ್ಲ ಎಂದು. ಮರವಂತೆಯಲ್ಲಿ ಪರವೂರಿನ ಪ್ಯಾಸೆಂಜರುಗಳು ಸೀಟಿನಿಂದ ಎದ್ದು ಹೋ ಎಂದು ಬೊಬ್ಬೆ ಹಾಕುವಾಗಲೂ ನಾನು ಸಮುದ್ರದ ಕಡೆಗೆ ಕಣ್ಣು ಹಾಯಿಸಿದವನಲ್ಲ. ನೀನೇ ಅಲ್ಲವೇ ನನಗೆ ಕಣ್ಣಪಟ್ಟಿ ಕಟ್ಟಿದ ಜಟಕಾ ಕುದುರೆ ಎಂದು ಹೆಸರಿಟ್ಟದ್ದು? ಆಗ ಹೊಗಳಿದ ಬಾಯಿಯಲ್ಲೇ ಈಗ ಕುರುಡ ಎನ್ನುತ್ತೀಯ.

ಡಾಕ್ಟ್ರು ಹೇಳುವುದು ಅವರ ಹೊಟ್ಟೆಪಾಡಿಗೆ. ಎದುರಿನ ಅಕ್ಷರ ನಾನು ಕೊನೆಯ ಸಾಲಿನವರೆಗೂ ಓದಿದ್ದೇನೆ.

ಫೆಬ್ರವರಿ ಎರಡು, ಸೋಮವಾರ, ವ್ಯಾನು ಹಿಡಿಯುತ್ತೇನೆ. ಶಾಲೆಯ ಮ್ಯಾನೇಜರ್ ಯೋಗೀಶ ಮನೆಗೇ ಬಂದು ಕೇಳಿದ್ದಾನೆ. ಚಂದಯ್ಯ ರಿಟೈರ್ ಆದ ಎಂದು ಧಣಿಗಳು ಊರಿಗೆಲ್ಲ ಹೇಳಿ ನನ್ನ ಮಾನ ಉಳಿಸಿದ್ದಾರೆ. ಅದನ್ನೂ ತೆಗೆಯಲು ನೋಡಬೇಡ.

ಚಂದಯ್ಯ, ಡ್ರೈವರ್


ಕಾಂದಿವಲಿ
10 ಡಿಸೆಂಬರ್ 2003

ಚಂದಯ್ಯಣ್ಣನಿಗೆ,

ಬೈದರೂ ಬರೆದಿರಲ್ಲ, ಅದೇ ಸಂತೋಷ. ಕಾಗದವನ್ನು ಎರಡು ಸಲ ಓದಿದೆ.

ಯೋಗೀಶನಿಗೆ ಒಂದು ಫೋನು ಮಾಡಲು ನನಗೆ ಎರಡು ನಿಮಿಷ ಸಾಕು. ಜನವರಿ ಮುಗಿಯುವವರೆಗೆ ಮಾಡುವುದಿಲ್ಲ. ಒಮ್ಮೆ ನಿಮ್ಮ ಬೆನ್ನ ಹಿಂದೆ ಹೇಳಿದೆ, ಈ ಸಲ ಮುಖಕ್ಕೇ ಹೇಳುತ್ತೇನೆ. ಒಂದು ಪಂತ ಕಟ್ಟೋಣ. ಒಂದೇ ಒಂದು ದಿನ ನೀವು ಎಡಗಡೆಯ ಸೀಟಿನಲ್ಲಿ ಕೂತು ನಮ್ಮ ದಾರಿಯಲ್ಲಿ ಹೋಗಿ ಬನ್ನಿ. ಸೌಮ್ಯಶ್ರೀ ಅವಳ ಗಂಡನ ಮಾರುತಿ ಓಡಿಸುತ್ತಾಳೆ, ಅವಳ ಹತ್ತಿರ ಕೇಳಿದ್ದೇನೆ. ಬಂದ ಮೇಲೂ ನಿಮ್ಮ ಕಣ್ಣು ಸರಿ ಇದೆ ಎಂದು ನೀವು ಬರೆದರೆ, ನಾನು ಊರಿಗೆ ಬಂದು ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ, ಧಣಿಗಳ ಎದುರು, ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುತ್ತೇನೆ. ಇಷ್ಟು ಧೈರ್ಯ ಯಾಕೆಂದರೆ ನೀವು ಜಗಳಗಂಟರು, ಆದರೆ ಸುಳ್ಳುಗಾರರಲ್ಲ.

ಹೋಗುವುದಾದರೆ ಡ್ರೈವರನ ಹಾಗೆ ಹೋಗಬೇಡಿ. ಹನ್ನೆರಡು ನಿಮಿಷಕ್ಕೆ ಊಟ ಮುಗಿಸಿ ಏಳಬೇಡಿ, ನಿಮ್ಮ ಹಿಂದೆ ಟೈಮಿನ ಬಸ್ಸು ಯಾವುದೂ ಇಲ್ಲ. ಹೊಳೆಗೆ ಕಟ್ಟಿದ ಮಾಬುಕಳ ಸಂಕದಲ್ಲಿ ಎಡಕ್ಕೆ ನೋಡಿ. ಸಾಲಿಗ್ರಾಮದಲ್ಲಿ ಗೋಳಿಬಜೆ ಬಾಣಲೆಯಿಂದ ತೆಗೆಯುವಾಗಲೇ ತಿನ್ನಿ, ಪೇಪರಿನಲ್ಲಿ ಕಟ್ಟಿ ಸ್ಟೇರಿಂಗಿನ ಪಕ್ಕ ಇಟ್ಟುಕೊಳ್ಳಬೇಡಿ. ಜನವರಿಗೆ ಹೆಮ್ಮಾಡಿಯ ಸೇವಂತಿಗೆ ಗದ್ದೆ ತುಂಬಿರುತ್ತದೆ. ಪ್ರತಿ ವರ್ಷ ಅಲ್ಲಿ ನಾನು ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ನೋಡುತ್ತಿದ್ದೆ, ನೀವು "ಒಳ್ಗ್ ಬಾ, ಸಾಯ್ತೆ" ಎಂದು ಬೈಯುತ್ತಿದ್ದಿರಿ. ಊಟಕ್ಕೆ ತ್ರಾಸಿಯಲ್ಲಿ ನಮ್ಮ ಕುಸುಮಾವತಿಯಕ್ಕನ ಹೋಟೆಲಿಗೇ ಹೋಗಿ.

ಮರವಂತೆಯ ವಿಚಾರ ನಾನು ಬರೆಯುವುದಿಲ್ಲ. ಬರೆದು ಮುಗಿಯುವಂಥದ್ದಲ್ಲ ಅದು.

ನಿಮ್ಮ,
ಪ್ರೇಮಾನಂದ


ಹಂದಾಡಿ
16 ಜನವರಿ 2004

ಪ್ರೇಮಾನಂದ,

ನಿನ್ನ ಪಂತಕ್ಕೆ ಹೆದರಿ ಹೋದದ್ದಲ್ಲ. ಭಾನುವಾರ ಮಗಳಿಗೆ ರಜೆ ಇತ್ತು, ನಿನ್ನ ಅತ್ತಿಗೆ ಬೆಳ್ಳಿಗೆ ಬೈಂದೂರಿನ ತಂಗಿಯ ಮನೆಗೆ ಹೋಗಬೇಕಿತ್ತು, ಅಂಗಳದಲ್ಲಿ ಕಾರು ಇತ್ತು. ಹೋದೆ.

ಬೆಳಿಗ್ಗೆ ಬ್ರಹ್ಮಾವರದಲ್ಲಿ ಬನ್ಸ್ ಮತ್ತು ಚಾ. ಅಲ್ಲೇ ಮರ್ಯಾದೆ ಹೋಯಿತು. ಅವರಿಬ್ಬರು ಚಟ್ನಿಗೆ ಕೈ ಹಾಕುವ ಮೊದಲೇ ನನ್ನದು ಮುಗಿದಿತ್ತು. ಕೈ ತೊಳೆದು ಹೊರಗೆ ಬಂದು ಕಾರಿನಲ್ಲಿ ಕೂತು ಹಾರನ್ ಹಾಕಿದೆ. ಒಳಗಿನಿಂದ ಬೆಳ್ಳಿ, "ನಮ್ದ್ ಇನ್ನೂ ಚಾ ಬರ್ಲಿಲ್ಲೆ, ಇವ್ರ್ ಬಸ್ ಹೊರ್ಡ್ಸಿ ಆಯ್ತ್!" ಎಂದದ್ದಕ್ಕೆ ಹೋಟೆಲಿಗೆ ಹೋಟೆಲೇ ನಕ್ಕಿತು. ಸೌಮ್ಯ ಬಂದು ಕಿಟಕಿ ತಟ್ಟಿದಳು. "ಅಪ್ಪಯ್ಯ, ನೀವ್ ಆಚಿ ಬದಿ ಕೂಕಣಿ" ಎಂದಳು. ನಾನು ಕೂತಿದ್ದದ್ದು ಸ್ಟೇರಿಂಗಿನ ಎದುರು.

ಎಡಗಡೆ ಕೂತವನ ಕಾಲಡಿ ಬ್ರೇಕು ಇರುವುದಿಲ್ಲ ಎನ್ನುವುದು ನನಗೆ ಮೊದಲ ಸಲ ಗೊತ್ತಾಯಿತು. ಸಂಕ ಮುಟ್ಟುವಷ್ಟರಲ್ಲಿ ಅಳಿಯನ ಕಾರಿನ ನೆಲ ತೂತಾಗುವಷ್ಟು ಒತ್ತಿದ್ದೇನೆ. ಹುಡುಗಿ ಚೆನ್ನಾಗಿಯೇ ಓಡಿಸುತ್ತಾಳೆ. ಅವಳಿಗೆ ಹೇಳಲಿಲ್ಲ.

ಮಾಬುಕಳ ಸಂಕದಲ್ಲಿ ನೀನು ಹೇಳಿದ ಹಾಗೆ ಎಡಕ್ಕೆ ನೋಡಿದೆ. ನನಗೆ ಇಷ್ಟು ವರ್ಷ ಮಾಬುಕಳ ಎಂದರೆ ಸಂಕದ ಎರಡು ತುದಿಯ ಎರಡು ಗುಂಡಿ, ಅಷ್ಟೇ. ಅಲ್ಲಿ ಅಷ್ಟು ನೀರು ಇದೆಯಲ್ಲ ಮಾರಾಯ! ನೀರಿನ ನಡುವೆ ತೆಂಗು ತುಂಬಿದ ಕುದ್ರು, ಆ ದ್ವೀಪದ ತುದಿಯಲ್ಲಿ ಒಂದೇ ಒಂದು ಮನೆ, ಮನೆಯ ಎದುರು ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು. ದೋಣಿಯಲ್ಲಿ ನಿಂತು ಒಬ್ಬ ಬಲೆ ಬೀಸಿದ. ಆ ಬಲೆ ಗಾಳಿಯಲ್ಲಿ ಬಿಚ್ಚಿಕೊಂಡು ದುಂಡಗಾಗಿ ನೀರಿಗೆ ಬೀಳುವುದನ್ನು ನೋಡಿದೆ. ಬೀಳುವಷ್ಟರಲ್ಲಿ ಸಂಕ ಮುಗಿಯಿತು. "ಇನ್ನೊಂದ್ ಸಲ ಹೋಪನಾ?" ಎಂದು ಮಗಳನ್ನು ಕೇಳಿದೆ. ಅವಳು ಕಾರು ತಿರುಗಿಸಿದಳು. ಎರಡು ಸಲ ಆಚೆ ಹೋದೆವು, ಎರಡು ಸಲ ಈಚೆ ಬಂದೆವು. ಬೆಳ್ಳಿ ಹಿಂದಿನ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳಂತೆ.

ಸಾಲಿಗ್ರಾಮದಲ್ಲಿ ಗೋಳಿಬಜೆ ಬಾಣಲೆಯಿಂದಲೇ ತಿಂದು ನಾಲಿಗೆ ಸುಟ್ಟುಕೊಂಡೆ. ನಿನ್ನ ಪುಕ್ಕಟೆ ಬುದ್ಧಿವಾದದ ಫಲ. ಕುಂದಾಪುರದಲ್ಲಿ ಇಳಿಯಲಿಲ್ಲ.

ಹೆಮ್ಮಾಡಿಯಲ್ಲಿ ಸೇವಂತಿಗೆ ಗದ್ದೆ ನೋಡಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆವು.

ತ್ರಾಸಿಯಲ್ಲಿ ಕುಸುಮಾವತಿ ನಮ್ಮನ್ನು ಒಳಗಿನ ಕೋಣೆಗೆ ಕರೆದಳು, ನಾವಿಬ್ಬರು ಉಣ್ಣುತ್ತಿದ್ದೆವಲ್ಲ, ಅಲ್ಲಿಗೆ. ನಾನು ಬೇಡ ಎಂದೆ, ಹೊರಗೆ ಎಲ್ಲರ ಜೊತೆ ಕೂತೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಹುರಿದ ಕಾಣೆ ಮೀನು. ನಿಧಾನಕ್ಕೆ ಉಣ್ಣಬೇಕೆಂದು ನಾನೇ ನನಗೆ ಹೇಳಿಕೊಂಡು ಒಂದೊಂದೇ ತುತ್ತು ಬಾಯಿಗಿಟ್ಟೆ. ಸಾರಿನಲ್ಲಿ ಏನೋ ಒಂದು ಪರಿಮಳ, ನಾಲಿಗೆಯ ತುದಿ ಸಣ್ಣಗೆ ಜುಮ್ಮೆನ್ನುತ್ತದೆ. ಅಷ್ಟು ರುಚಿ ನಾನು ಕಂಡೇ ಇಲ್ಲ. "ಇದೆಂತ ಕುಸುಮಾವತಿ, ಹೊಸತಾ?" ಎಂದು ಕೇಳಿದೆ. ಸೌಟು ಹಿಡಿದುಕೊಂಡು ಅವಳು ನಿಂತೇಬಿಟ್ಟಳು. "ಹೊಸ್ತಾ? ಜುಮ್ಮನಕಾಯಿ ಅದ್, ಚಂದಯ್ಯಣ್ಣ! ಇಪ್ಪತ್ ವರ್ಷದಿಂದ ನಿಮ್ಗ್ ಅದೇ ಸಾರ್ ಬಡ್ಸ್ತಾ ಇದ್ದೆ" ಎಂದಳು. ನಾನು ತಲೆ ತಗ್ಗಿಸಿ ಇನ್ನೊಮ್ಮೆ ಹಾಕಿಸಿಕೊಂಡೆ. ಎದ್ದದ್ದು ಮುಕ್ಕಾಲು ಗಂಟೆಯ ಮೇಲೆ.

ಇನ್ನು ಮರವಂತೆ.

ಮಧ್ಯಾಹ್ನ ಎರಡೂವರೆ ಇರಬಹುದು. ಕಾರು ಬದಿಗೆ ನಿಲ್ಲಿಸಿ ಇಳಿದೆವು. ದಿನಕ್ಕೆ ಆರು ಸಲ ದಾಟಿದ ಜಾಗ ಅದು, ನೆಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಎದುರಿಗೆ ರಸ್ತೆ ಇತ್ತು, ಅದು ಪರಿಚಯದ್ದೇ. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದೆ. ಮೊದಲು ಬಂಡೆಕಲ್ಲು ಕಾಣಿಸಿತು, ಆಮೇಲೆ ನೊರೆ, ನೊರೆ ಮುಗಿದು ನೀಲಿ. ಇದೂ ಎಲ್ಲಿಯೋ ಒಂದು ಕಡೆ ಮುಗಿಯುತ್ತದೆ ಎಂದು ಇನ್ನೂ ತಿರುಗಿಸಿದೆ. ಮುಗಿಯಲಿಲ್ಲ ಪ್ರೇಮಾ. ಇನ್ನೂ ತಿರುಗಿಸಿದೆ, ಇನ್ನೂ ಸಮುದ್ರ. ಕುತ್ತಿಗೆ ಸಾಲದೆ ಕಾಲನ್ನೂ ತಿರುಗಿಸಬೇಕಾಯಿತು. ತಿರುಗುತ್ತಾ ತಿರುಗುತ್ತಾ ನಾವು ಬಂದ ರಸ್ತೆ ಬಂತು, ರಸ್ತೆಯ ಆಚೆ ಹೊಳೆ ಬಂತು. ಇಷ್ಟು ಗಲಾಟೆಯ ಸಮುದ್ರದ ಪಕ್ಕದಲ್ಲೇ ಸೌಪರ್ಣಿಕೆ ಸದ್ದಿಲ್ಲದೆ ಮಲಗಿದೆ. ಅದರ ಆಚೆ ತೆಂಗು, ತೆಂಗಿನ ಆಚೆ ನೀಲಿ ಗುಡ್ಡ. ಇವೆರಡು ನೀರಿನ ನಡುವೆ ಒಂದು ಸೆರಗಿನಷ್ಟು ಅಗಲದ ನೆಲದ ಮೇಲೆ ನಾನು ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದೇನೆ. ನೋಡಿದ್ದರೆ ಹೆದರಿಕೆಗೆ ಸೆಕೆಂಡ್ ಗೇರು ದಾಟುತ್ತಿರಲಿಲ್ಲ.

"ಎಂತ ಇದ್, ರಸ್ತಿ ಬದಿಯಂಗೆ ಪ್ರದಕ್ಷಿಣಿ ಹಾಕೂದಾ?" ಎಂದಳು ಬೆಳ್ಳಿ. ಹೌದು ಎಂದೆ. ಇನ್ನೊಂದು ಸುತ್ತು ತಿರುಗಿದೆ. ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದು ಅವರಿಗೆ ಹೇಳಿದೆ, ನಿನಗೆ ಸುಳ್ಳು ಹೇಳುವುದಿಲ್ಲ. ಬಿಸಿಲಿಗೆ ಬಂದದ್ದಲ್ಲ. ಇಷ್ಟು ದೊಡ್ಡದೊಂದನ್ನು ದೇವರು ನನ್ನ ಮೊಣಕೈಯ ಹತ್ತಿರ ಇಟ್ಟಿದ್ದ, ನಾನು ಅವನಿಗೆ ಬೆನ್ನು ಹಾಕಿದವನ ಹಾಗೆ ಹೋಗುತ್ತಾ ಬರುತ್ತಾ ಇದ್ದೆ.

ಬೈಂದೂರಿನಲ್ಲಿ ನಾದಿನಿ ಸಿಹಿಗೆ ಹಾಲುಬಾಯಿ ಮಾಡಿದ್ದಳು. ಸಂಜೆ ಒತ್ತಿನೆಣೆಯ ಗುಡ್ಡಕ್ಕೂ ಹೋದೆವು. ಅಲ್ಲಿಂದ ಸಮುದ್ರ ಕೆಳಗೆ ಕಾಣುತ್ತದೆ, ಹೊಳೆ ಬಂದು ಅದಕ್ಕೆ ಸೇರುವುದೂ ಕಾಣುತ್ತದೆ. ಕತ್ತಲಾಗುವ ಮೊದಲೇ ಮನೆಗೆ ಬಂದೆವು.

ಕಣ್ಣಿನ ಮಾತು ನೀನು ಕೇಳಿದ್ದೆ. ಅದನ್ನು ಈ ಕಾಗದದಲ್ಲಿ ಬರೆಯುವುದಿಲ್ಲ.

ಚಂದಯ್ಯ


ಕಾಂದಿವಲಿ
23 ಜನವರಿ 2004

ಚಂದಯ್ಯಣ್ಣನಿಗೆ,

ನಿಮ್ಮ ಕಾಗದವನ್ನು ಗಲ್ಲೆಯಲ್ಲೇ ಕೂತು ಓದಿದೆ. ಗಿರಾಕಿಗಳು ಬಿಲ್ಲು ಹಿಡಿದು ಸಾಲುಗಟ್ಟಿದ್ದರು, ಭಾವ ಬಂದು ತಲೆಗೆ ಮೊಟಕಿದ. ಇಲ್ಲಿಯೂ ಸಮುದ್ರ ಇದೆ ಎನ್ನುತ್ತಾರೆ. ನಾನು ನೋಡಲು ಹೋಗಿಲ್ಲ, ನಮ್ಮದನ್ನು ಕಂಡವನಿಗೆ ಮನಸ್ಸು ಬರುವುದಿಲ್ಲ.

ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಮಾಬುಕಳಕ್ಕೆ ಅರ್ಧ ಪುಟ ಬರೆದಿದ್ದೀರಿ, ಬಂಗುಡೆ ಸಾರಿಗೆ ಇನ್ನರ್ಧ. ಹೆಮ್ಮಾಡಿಗೆ ಎರಡೇ ಸಾಲು. ಅಷ್ಟು ಹಳದಿಗೆ ಎರಡೇ ಸಾಲು ಬರೆಯುವವರಲ್ಲ ನೀವು, ಈ ಕಾಗದದ ಚಂದಯ್ಯಣ್ಣ ಅಂಥವರಲ್ಲ. ಅಲ್ಲಿ ಏನಾಯಿತು?

ಎರಡನೆಯ ತಾರೀಕು ಹತ್ತಿರ ಬಂತು. ಒಂದನೆಯ ತಾರೀಕು ಭಾನುವಾರದ ಮಧ್ಯಾಹ್ನದವರೆಗೆ ಕಾಯುತ್ತೇನೆ. ಆಮೇಲೆ ಯೋಗೀಶನಿಗೆ ಫೋನು ಮಾಡುತ್ತೇನೆ. ಈ ಜನ್ಮದಲ್ಲಿ ನೀವು ನನ್ನ ಮುಖ ನೋಡದಿದ್ದರೂ ಅಡ್ಡಿಯಿಲ್ಲ.

ಪ್ರೇಮಾನಂದ


ಹಂದಾಡಿ
5 ಫೆಬ್ರವರಿ 2004

ಪ್ರೀತಿಯ ಪ್ರೇಮಾನಂದ,

ಭಾನುವಾರ ನೀನು ಫೋನು ಮಾಡಿದಾಗ ಯೋಗೀಶ ಏನು ಹೇಳಿದ ಎಂದು ನನಗೆ ಗೊತ್ತು. ಆದರೂ ನನ್ನ ಬಾಯಿಯಿಂದ ನಿನಗೆ ಗೊತ್ತಾಗಬೇಕು. ಈ ಕಾಗದ ಬರೆಯಲು ಮೂರು ಸಂಜೆ ಹಿಡಿಯಿತು. ಮಗಳು ಬರೆದು ಕೊಡುತ್ತೇನೆ ಎಂದಳು, ಬೇಡ ಎಂದೆ.

ಹೆಮ್ಮಾಡಿಯಲ್ಲಿ ಗದ್ದೆಯೆಲ್ಲ ಹಳದಿಯಾಗಿತ್ತು. ಅದನ್ನು ನೋಡಬೇಕೆಂದು ನಾನು ಎಡಕ್ಕೆ ಬಲಕ್ಕೆ ತಿರುಗುತ್ತಿದ್ದೆ. ಆಮೇಲೆ ಹಳೆಯ ಅಭ್ಯಾಸದ ಹಾಗೆ ರಸ್ತೆಗೆ ಕಣ್ಣಿಟ್ಟೆ. ರಸ್ತೆ ಖಾಲಿ ಇತ್ತು. ಸೌಮ್ಯ ಸಡನ್ನಾಗಿ ಬ್ರೇಕ್ ಹಾಕಿ ಕಾರು ನಿಲ್ಲಿಸಿದಳು. "ಎಂತಕ್ ನಿಲ್ಸಿದ್ದ್, ಯಾರೂ ಇಲ್ಯಲೆ" ಎಂದು ಬೈದೆ. ಆಗ ನನ್ನ ಕಣ್ಣೆದುರಿಗೆ, ಬಾನೆಟ್ಟಿಗೆ ಕೈ ಮುಟ್ಟುವಷ್ಟು ಹತ್ತಿರ, ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಸೇವಂತಿಗೆ. ಗಾಳಿಯಿಂದ ಹುಟ್ಟಿ ಬಂದವಳ ಹಾಗೆ ಬಂದಳು. ಎಲ್ಲಿದ್ದಳು ಇವಳು ಎಂದು ಕೇಳಿದೆ. ಮಗಳು ನನ್ನ ಮುಖ ನೋಡಲಿಲ್ಲ. "ಆಗ್ಳಿಂದ ಅಲ್ಲೇ ಬದಿಯಂಗ್ ನಿಂತ್ಕಂಡ್ ಕೈ ಮಾಡ್ತಾ ಇದ್ರ್, ಅಪ್ಪಯ್ಯ" ಎಂದಳು, ಮೆಲ್ಲಗೆ.

ಅಷ್ಟು ಹಳದಿ ಹೊತ್ತವಳನ್ನು ನಾನು ಕಾಣಲಿಲ್ಲ. ಬದಿ ಹೋಗಿದೆ ಎಂದರೆ ಅಲ್ಲಿ ಕತ್ತಲೆ ಇರುತ್ತದೆ ಎಂದುಕೊಂಡಿದ್ದೆ. ಕತ್ತಲೆ ಇರುವುದಿಲ್ಲ ಪ್ರೇಮಾ. ಏನೂ ಇರುವುದಿಲ್ಲ, ಇಲ್ಲ ಎಂಬುದೂ ಗೊತ್ತಾಗುವುದಿಲ್ಲ. ಜೀವಮಾನವಿಡೀ ಬದಿ ನೋಡದವನಿಗೆ ಅದು ಹೋದದ್ದು ಯಾವಾಗ ಎಂದು ಹೇಗೆ ತಿಳಿಯಬೇಕು? ಮರವಂತೆಯಲ್ಲಿ ಸುತ್ತಿ ಸುತ್ತಿ ನೋಡಿದ್ದು ಆ ಭಯದಲ್ಲೇ. ಇರುವಾಗಲೇ ಎಲ್ಲವನ್ನೂ ಕಂಡುಬಿಡಬೇಕು ಎಂದು. ಆದರೆ ನೋಡುತ್ತಾ ನಿಂತ ಮೇಲೆ ಭಯ ಹೋಯಿತು, ಅದೂ ನಿಜ. ಅಷ್ಟರ ಎದುರು ನನ್ನ ಕಣ್ಣು ಯಾವ ಲೆಕ್ಕ ಅನ್ನಿಸಿತು.

ಕಣ್ಣಿಗೆ ಮದ್ದನ್ನು ಆ ರಾತ್ರಿಯಿಂದಲೇ ಹಾಕಿಕೊಳ್ಳುತ್ತಿದ್ದೇನೆ. ಉರಿಯುತ್ತದೆ. ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟ್ರು ಹೇಳಿದ್ದಾರೆ. ನಿನಗೆ ಆಗಲೇ ಬರೆಯಬಹುದಿತ್ತು. ಬರೆಯಲು ಕೈ ಬರಲಿಲ್ಲ. ಮದ್ದು ಹಾಕಿಕೊಂಡರೂ ವ್ಯಾನಿನ ಕೆಲಸ ಬೇಡ ಎಂದು ನನಗೇ ಹೇಳಿಕೊಳ್ಳಲು ಆಗಲಿಲ್ಲ. ಸ್ಟೇರಿಂಗ್ ಇಲ್ಲದ ಚಂದಯ್ಯ ಯಾರು ಎಂದು ನನಗೆ ಗೊತ್ತಿಲ್ಲ.

ಹತ್ತೊಂಬತ್ತು ವರ್ಷ ನೀನು ರೈಟ್ ಎಂದ ಕೂಡಲೇ ನಾನು ಗೇರು ಹಾಕಿದ್ದೇನೆ. ಮೆಟ್ಟಿಲಿನಲ್ಲಿ ಮುದುಕಿಯ ಕಾಲಿದೆಯೋ, ಇಳಿದ ಮಗು ಚಕ್ರದ ಹತ್ತಿರ ಇದೆಯೋ, ಒಂದು ದಿನವೂ ತಿರುಗಿ ನೋಡಲಿಲ್ಲ. ನೀನು ನೋಡಿರುತ್ತೀಯ ಎಂಬ ಒಂದೇ ಧೈರ್ಯ. ಅಷ್ಟು ನಂಬಿದ ಬಾಯಿ ನನ್ನ ಕಣ್ಣಿನ ವಿಚಾರ ಹೇಳಿದಾಗ, ಸುಳ್ಳುಗಾರ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರು ಕೂಗಿದೆ. ನೀನು ಊರು ಬಿಟ್ಟೆ.

ಶನಿವಾರ ಸಂಜೆ ಯೋಗೀಶ ವ್ಯಾನಿನ ಕೀ ಹಿಡಿದುಕೊಂಡು ಬಂದ. ಹೊಸ ವ್ಯಾನಿನದ್ದು, ರಿಂಗಿನಲ್ಲಿ ಗಣಪತಿ. ನನ್ನ ಅಂಗೈಯಲ್ಲಿಟ್ಟ. ಬೆರಳು ಮಡಚಿ ಹಿಡಿದುಕೊಂಡೆ. "ನಂಗ್ ಕಾಂತಿಲ್ಲೆ ಯೋಗೀಶ" ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕ. "ಎದ್ರಿಂದ್ ಕಾಣತ್ತ್, ಬದಿದ್ ಎಂತೂ ಕಾಂತಿಲ್ಲೆ. ಮಕ್ಳನ್ ನನ್ ಕೈಯಂಗ್ ಕೊಡ್ಬೇಡ" ಎಂದು ಇನ್ನೊಮ್ಮೆ ಹೇಳಿ ಕೀ ಹಿಂದಕ್ಕೆ ಕೊಟ್ಟೆ.

ಅವನು ಗೇಟಿನವರೆಗೆ ಹೋದ. ಅಲ್ಲಿ ನಿಂತು ತಿರುಗಿದ. "ನನ್ ಮಗ್ಳೂ ಅದೇ ವ್ಯಾನಂಗೆ ಹೋಪ್ದಿತ್ತ್, ಚಂದಯ್ಯಣ್ಣ" ಎಂದ. ಅಷ್ಟು ಹೇಳಿ ವಾಪಸು ಬಂದವನು ಬಗ್ಗಿ ನನ್ನ ಕಾಲು ಮುಟ್ಟಿದ.

ಅದು ನನಗೆ ಸಲ್ಲುವುದಲ್ಲ, ನಿನಗೆ. ನಾನು ನಿನಗಿಂತ ಹದಿಮೂರು ವರ್ಷ ದೊಡ್ಡವ, ಹಿರಿಯರು ಕಿರಿಯರ ಕಾಲು ಹಿಡಿಯಬಾರದು ಎನ್ನುತ್ತಾರೆ. ನೀನು ಇಲ್ಲಿದ್ದಿದ್ದರೆ ನಾನು ಆ ಶಾಸ್ತ್ರ ನೋಡುತ್ತಿರಲಿಲ್ಲ. ದೂರ ಇದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ. ತಪ್ಪಾಯಿತು ತಮ್ಮಾ.

ನಿನ್ನ ಅಣ್ಣ,
ಚಂದಯ್ಯ